‘ಆ ಕಾಲದ ಹಾಡು’ ಅಂತೆ!

ಇಂದು ಮೈಸೂರಿನ ಸಭಾಂಗಣವೊಂದರಲ್ಲಿ ‘ಯಾರಿಗೆ ಬಂತು ಎಲ್ಲಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ’ ಕೇಳಿ ಬಂದೆ. ಕೀಬೋರ್ಡ್, ತಬಲಾ, ಒಂದೇ ಬಣ್ಣದ ಸೀರೆಯ ಗಾಯಕಿಯರು. ಲಾಲಿ ಹಾಡಿದ ಹಾಗೆ ಹಾಡಿದರು. ಸ್ವಾತಂತ್ರ್ಯ ಟಾಟಾ ಬಿರ್ಲಾರ ಜೇಬಿಗೆ ಬಂತು ಎನ್ನುವ ಸಾಲು ಬರಲೇ ಇಲ್ಲ. ವೇದಿಕೆಯ ಹಿಂದೆ ಪ್ರಾಯೋಜಕರ ಬ್ಯಾನರ್ ಇತ್ತು, ಪಾಪ, ಮುಜುಗರವಾಗಿರಬೇಕು. ಮುಗಿದ ಮೇಲೆ ನಿರೂಪಕರ ವ್ಯಾಖ್ಯಾನ: ‘ಇದು ಆ ಕಾಲದ ನೋವಿನ ಹಾಡು. ಈಗ ಕಾಲ ಬದಲಾಗಿದೆ.’ ಚಪ್ಪಾಳೆ!

ನೋವಿನ ಹಾಡಂತೆ. ಇದನ್ನು ಬರೆದ ದಲಿತ ಕವಿ ಸಿದ್ಧಲಿಂಗಯ್ಯನವರು ಇದರಲ್ಲಿ ಎಲ್ಲಿ ಅತ್ತಿದ್ದಾರೆ, ತೋರಿಸಿ. ಸ್ವಾತಂತ್ರ್ಯ ಬರಲೇ ಇಲ್ಲ ಎಂದೂ ಅವರು ಹೇಳುವುದಿಲ್ಲ. ಬಂತಲ್ಲ, ಯಾರ ಮನೆಗೆ ಹೋಯಿತು ಎಂದು ಲೆಕ್ಕ ಕೇಳುತ್ತಾರೆ. ಕೋಟ್ಯಧೀಶನ ಕೋಣೆ, ಪೊಲೀಸರ ಬೂಟು, ಬಂದೂಕಿನ ಗುಂಡು ಎಂದು ವಿಳಾಸಗಳನ್ನೂ ಕೊಡುತ್ತಾರೆ. ಬಡವನ ಮನೆ ಮಾತ್ರ ಆ ಪಟ್ಟಿಯಲ್ಲಿಲ್ಲ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ತಮಟೆಯ ಜೊತೆ ಬೀದಿಗಿಳಿದ ಹಾಡಿದು. ಕಾಲೇಜಿನ ದಿನಗಳಲ್ಲಿ ನಾನೂ ಕಿರುಚಿದವನೇ. ಮಂಡ್ಯದ ಗಂಟಲು ನಿಮಗೆ ಗೊತ್ತಲ್ಲ, ಒಬ್ಬರೂ ಶ್ರುತಿಯಲ್ಲಿರುತ್ತಿರಲಿಲ್ಲ. ಆದರೂ ದೊಡ್ಡ ಮನುಷ್ಯರ ಮುಖ ಸಣ್ಣದಾಗುತ್ತಿತ್ತು. ಇಂದು ಅಂಥವರೇ ಮುಂದಿನ ಸಾಲಿನಲ್ಲಿ ಕುಳಿತು ತಾಳ ಹಾಕುತ್ತಿದ್ದರು.

ಅದೂ ಮೈಸೂರಿನಲ್ಲಿ ನಿಂತು ‘ಆ ಕಾಲ’ ಎನ್ನುತ್ತಾರಲ್ಲ! 1947ರ ಆಗಸ್ಟ್ 15ರಂದು ಮಹಾರಾಜರ ಈ ಸಂಸ್ಥಾನಕ್ಕೆ ಜನರ ಸರ್ಕಾರ ಬರಲಿಲ್ಲ. ಅದಕ್ಕಾಗಿ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಸಬೇಕಾಯಿತು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಆ ಚಳವಳಿಯಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡೇಟಿಗೆ ಬಲಿಯಾಗಿದ್ದ. ನಾವು ದಿನಾ ಸುತ್ತು ಹಾಕುವ ರಾಮಸ್ವಾಮಿ ವೃತ್ತ ಅವನ ಹೆಸರಿನದು. ‘ಎಲ್ಲಿಗೆ ಬಂತು’ ಎಂಬ ಪ್ರಶ್ನೆಯನ್ನು ಈ ಊರು ಹಾಡು ಹುಟ್ಟುವ ಮೊದಲೇ ಕೇಳಿತ್ತು ಸ್ವಾಮಿ.

ಪಕ್ಕದಲ್ಲಿದ್ದ ಗೆಳೆಯರು ಮೆಲ್ಲಗೆ ಚುಚ್ಚಿದರು: ‘ಕವಿಯೇ ಎರಡು ಅವಧಿಗೆ ವಿಧಾನ ಪರಿಷತ್ತಿನಲ್ಲಿ ಕುಳಿತರಲ್ಲ ಸಾರ್, ಇನ್ನೆಲ್ಲಿಯ ಕ್ರಾಂತಿ?’ ಕುಳಿತರು, ನಿಜ. ಅದರ ಬಗ್ಗೆ ಬೇಕಾದರೆ ಬೇರೆ ದಿನ ಜಗಳವಾಡೋಣ. ಬರೆದವರಿಗೆ ಕುರ್ಚಿ ಸಿಕ್ಕಿದರೆ ಹಾಡು ಕೇಳಿದ ಲೆಕ್ಕ ಚುಕ್ತಾ ಆಗುತ್ತದೆಯೇ? ಮಲಗುಂಡಿಗೆ ಮನುಷ್ಯರನ್ನು ಇಳಿಸಬಾರದೆಂದು 2013ರಲ್ಲಿ ಕಾನೂನು ಬಂತು. ಇಳಿಸುವುದೂ ನಿಂತಿಲ್ಲ, ಸಾಯುವುದೂ ನಿಂತಿಲ್ಲ. ಹಾಗೆ ಸತ್ತವನ ಹೆಂಡತಿ ಮಕ್ಕಳೆದುರು ನಿಂತು ನಿರೂಪಕರು ‘ಕಾಲ ಬದಲಾಗಿದೆ’ ಎಂದು ಹೇಳಲಿ. ಮೈಕ್ ನಾನೇ ಹಿಡಿಯುತ್ತೇನೆ.