ಗುಡಿಸದ ಪೊರಕೆ, ಕತ್ತರಿಸದ ಚೂರಿ

ಕಡಿಮೆ ಖರ್ಚಿನಲ್ಲಿ ಮಾಟಗಾತಿಯಾಗುವುದು ಹೇಗೆಂದು ಬೋಧಿಸುವ ಬರಹಗಳೆಲ್ಲ ಒಂದೇ ಮಂಗಳಾಚರಣೆಯಿಂದ ಆರಂಭವಾಗುತ್ತವೆ: ಈ ವಿದ್ಯೆಗೆ ಯಾವ ಸಲಕರಣೆಯೂ ಬೇಕಿಲ್ಲ, ಸಂಕಲ್ಪವೊಂದಿದ್ದರೆ ಸಾಕು. ಇಷ್ಟು ಹೇಳಿ ಅಲ್ಲಿಗೇ ನಿಲ್ಲಿಸಿದ್ದರೆ ಜಗತ್ತಿನಲ್ಲಿ ಇದಕ್ಕಿಂತ ಅಗ್ಗದ ವಿದ್ಯೆ ಇರುತ್ತಿರಲಿಲ್ಲ. ಆದರೆ ಮುಂದಿನ ವಾಕ್ಯ ‘ಆದರೂ’ ಎಂದು ಶುರುವಾಗುತ್ತದೆ, ಮತ್ತು ಆ ಮೂರಕ್ಷರದ ಬೆನ್ನಿಗೆ ಮಂತ್ರದಂಡ, ಚೂರಿ, ಬಟ್ಟಲು, ಮೂರು ಕಾಲಿನ ಕಬ್ಬಿಣದ ಕಡಾಯಿ, ಪೊರಕೆ, ಏಳು ಬಣ್ಣದ ಮೇಣದಬತ್ತಿ, ಒಣಸೊಪ್ಪಿನ ಸಾಲು ಸಾಲು ಭರಣಿಗಳು ಮೆರವಣಿಗೆ ಹೊರಡುತ್ತವೆ.

ಇವುಗಳಲ್ಲಿ ಪೊರಕೆಯನ್ನು ಮೊದಲು ನೋಡೋಣ. ಅದು ಕಸ ಗುಡಿಸುವುದಕ್ಕಲ್ಲ, ಮನೆಯಲ್ಲಿ ಸೇರಿಕೊಂಡ ಕೆಟ್ಟ ಶಕ್ತಿಯನ್ನು ಗುಡಿಸುವುದಕ್ಕೆ. ಹಾಗೆ ಗುಡಿಸುವಾಗ ಅದರ ಕಡ್ಡಿ ನೆಲಕ್ಕೆ ತಾಗಬೇಕೆಂದೂ ಇಲ್ಲ. ಚೂರಿಯ ಕಥೆ ಇನ್ನೂ ಸ್ವಾರಸ್ಯಕರ. ಮಾಟವನ್ನೇ ಧರ್ಮವಾಗಿ ಆಚರಿಸುವ ವಿಕ್ಕಾ ಪಂಥದವರು ‘ಅಥಾಮೆ’ ಎಂದು ಕರೆಯುವ ಕಪ್ಪು ಹಿಡಿಯ ಚೂರಿ ಗಾಳಿಯಲ್ಲಿ ವೃತ್ತ ಎಳೆಯುವುದಕ್ಕೇ ಹೊರತು ಏನನ್ನೂ ಕತ್ತರಿಸುವುದಕ್ಕಲ್ಲ. ಸೊಪ್ಪು ಕೊಯ್ಯಲು, ಮೇಣದ ಮೇಲೆ ಗುರುತು ಕೆತ್ತಲು ಬಿಳಿ ಹಿಡಿಯ ಇನ್ನೊಂದು ಚೂರಿ ಬೇಕು. ಬಡ ಸಾಧಕರ ಮೇಲಿನ ಕರುಣೆಯಿಂದ ಕೈಪಿಡಿಯು ಬೆಣ್ಣೆ ಸವರುವ ಚೂರಿಯೂ ಆದೀತು ಎಂದು ರಿಯಾಯಿತಿ ಕೊಡುತ್ತದೆ. ಒಮ್ಮೆ ಅದನ್ನು ಉಪ್ಪು, ನೀರು, ಹೊಗೆ, ಜ್ವಾಲೆಗಳಿಂದ ಶುದ್ಧೀಕರಿಸಿ ದೀಕ್ಷೆ ಕೊಟ್ಟ ಮೇಲೆ ಮರಳಿ ಬೆಣ್ಣೆಗೆ ಹಾಕುವಂತಿಲ್ಲವಾದ್ದರಿಂದ, ಬೆಣ್ಣೆಗೆ ಬೇರೆ ಚೂರಿ ತರಬೇಕಾಗುತ್ತದೆ. ಮನೆಯಲ್ಲಿರುವುದನ್ನೇ ಬಳಸಿ ಎಂಬ ಉಪದೇಶವನ್ನು ಶ್ರದ್ಧೆಯಿಂದ ಪಾಲಿಸಿದ ಮನೆಯಲ್ಲಿ ಎಲ್ಲ ಸಾಮಾನೂ ಎರಡೆರಡಾಗಿರುತ್ತವೆ.

ಮಂತ್ರದಂಡವನ್ನು ನಾನೇ ಮಾಡಿದೆ. ಅದರ ಉದ್ದ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ, ಅಂದರೆ ಸರಿಯಾಗಿ ಒಂದು ಮೊಳ ಇರಬೇಕೆಂಬುದು ರೂಢಿ. ಬಿದ್ದ ಕೊಂಬೆಯನ್ನೇ ಆರಿಸಿಕೊಳ್ಳಬೇಕು, ಎತ್ತಿಕೊಳ್ಳುವ ಮುನ್ನ ಮರದ ಅನುಮತಿ ಕೇಳಬೇಕು ಎಂದಿತ್ತು. ಕೇಳಿದೆ. ಮರ ಏನೂ ಅನ್ನಲಿಲ್ಲ; ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಕೊಂಬೆಯನ್ನು ಮನೆಗೆ ತಂದೆ. ಇಡೀ ಉದ್ಯಮದಲ್ಲಿ ಪುಕ್ಕಟೆಯಾಗಿ ಸಿಕ್ಕಿದ್ದು ಅದೊಂದೇ. ತೊಗಟೆ ಸುಲಿದ ಮೇಲೆ ಒರಟು ಮರಳುಕಾಗದ, ಆಮೇಲೆ ನಯವಾದ ಮರಳುಕಾಗದ, ಹೊಳಪಿಗೆ ಅಗಸೆ ಎಣ್ಣೆ, ಹಿಡಿಗೆ ಸುತ್ತಲು ತಾಮ್ರದ ತಂತಿ, ತುದಿಗೆ ಸ್ಫಟಿಕದ ಚೂರು, ಅದು ಉದುರದಂತೆ ಅಂಟು, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬಂತು. ಎರಡು ಸಂಜೆ ಕೂತು ಉಜ್ಜಿ, ಬೆರಳಿಗೆ ಸಿಬಿರು ಚುಚ್ಚಿಸಿಕೊಂಡು, ಕೊನೆಗೂ ಅದನ್ನು ಅಡುಗೆಮನೆಯ ಮರದ ಸೌಟಿನ ಹಿಡಿಯಷ್ಟು ನುಣುಪು ಮಾಡಿದೆ. ಮುಂದಿನ ಪುಟ ತೆರೆದರೆ, ಕೊಂಬೆ ಸಿಗದವರು ಮರದ ಸೌಟನ್ನೇ ಬಳಸಬಹುದು ಎಂದು ಬರೆದಿತ್ತು.

ಕಲ್ಲುಗಳ ವಿಷಯಕ್ಕೆ ಬಂದರೆ ವಿದ್ಯೆಗೂ ಭೂವಿಜ್ಞಾನಕ್ಕೂ ಇರುವ ಮನಸ್ತಾಪ ಎದ್ದು ಕಾಣುತ್ತದೆ. ಗ್ರೀಕರ ಚಂದ್ರದೇವತೆ ಸೆಲೀನಳ ಹೆಸರು ಹೊತ್ತ ಸೆಲೆನೈಟ್ ಎಂಬ ಕಲ್ಲು ಜಿಪ್ಸಮ್ಮಿನ ಒಂದು ರೂಪ. ಗೋಡೆಗೆ ಬಳಿಯುವ ಪ್ಲಾಸ್ಟರ್ ತಯಾರಾಗುವುದೂ ಅದೇ ಖನಿಜದಿಂದ. ಒಂದರಿಂದ ಹತ್ತರವರೆಗಿನ ಮೋಸ್ ಮಾಪಕದಲ್ಲಿ ಅದರ ಗಡಸುತನ 2 ಆದ್ದರಿಂದ ಉಗುರಿನಿಂದ ಕೆರೆದರೂ ಗೀರು ಬೀಳುತ್ತದೆ. ಎಲ್ಲ ಕಲ್ಲುಗಳನ್ನೂ ಉಪ್ಪುನೀರಿನಲ್ಲಿ ನೆನೆಸಿ ಶುದ್ಧಿ ಮಾಡಬೇಕೆಂಬ ಮಾತನ್ನು ನಂಬಿ ಸೆಲೆನೈಟನ್ನೂ ನೆನೆಸಿಟ್ಟವರ ಕಲ್ಲು ಹೊಳಪು ಕಳೆದುಕೊಂಡು, ಸ್ವಲ್ಪ ಸ್ವಲ್ಪವಾಗಿ ನೀರು ಪಾಲಾಗುತ್ತದೆ. ಸಿಟ್ರಿನ್ ಎಂದು ಮಾರುವ ಹಳದಿ ಕಲ್ಲುಗಳಲ್ಲಿ ಹೆಚ್ಚಿನವು ಕಾಯಿಸಿ ಬಣ್ಣ ಬದಲಿಸಿದ, ಮೂಲದಲ್ಲಿ ನೇರಳೆಯಾದ ಅಮೆಥಿಸ್ಟ್‌ಗಳು. ಒಂದು ವಸ್ತುವನ್ನು ಇನ್ನೊಂದಾಗಿ ಪರಿವರ್ತಿಸುವ ಮಾಟ ಇಲ್ಲಿ ನಿಜಕ್ಕೂ ನಡೆದಿದೆ. ಮಾಡಿದವನು ಕುಲುಮೆಯವನು ಎಂಬುದಷ್ಟೇ ವ್ಯತ್ಯಾಸ.

ಚಂದ್ರಜಲವಾದರೂ ಬಿಟ್ಟಿ ಎಂದುಕೊಂಡಿದ್ದೆ. ಗಾಜಿನ ಭರಣಿಯಲ್ಲಿ ನೀರು ತುಂಬಿ ಹುಣ್ಣಿಮೆಯ ರಾತ್ರಿ ಹೊರಗಿಟ್ಟರೆ ಮುಗಿಯಿತು. ಆದರೆ ಬೆಳದಿಂಗಳೆಂಬುದು ಚಂದ್ರನಿಂದ ಪ್ರತಿಫಲಿಸಿದ ಬಿಸಿಲೇ ಅಲ್ಲವೇ ಎಂಬ ಅಧಿಕಪ್ರಸಂಗದ ಯೋಚನೆ ಬಂದು ಲೆಕ್ಕ ಹಾಕಿದೆ. ಹುಣ್ಣಿಮೆಯ ಬೆಳಕು ಸೂರ್ಯನ ಬೆಳಕಿಗಿಂತ ಸುಮಾರು 4,00,000 ಪಟ್ಟು ಕ್ಷೀಣ. ಅಂದರೆ ಬಿಸಿಲಿಗೆ ಒಂದೇ ಒಂದು ಸೆಕೆಂಡ್ ಒಡ್ಡಿದ ನೀರು 111 ಗಂಟೆಗಳ ಬೆಳದಿಂಗಳನ್ನು, ರಾತ್ರಿಗೆ ಹತ್ತು ಗಂಟೆ ಹಿಡಿದರೆ ಹನ್ನೊಂದು ಹುಣ್ಣಿಮೆಗಳನ್ನು, ಒಂದೇ ಗುಟುಕಿಗೆ ಕುಡಿದಿರುತ್ತದೆ. ಇಷ್ಟು ಸುಲಭವಾದದ್ದನ್ನು ಯಾರೂ ಬೋಧಿಸುವುದಿಲ್ಲ, ಏಕೆಂದರೆ ಮಧ್ಯಾಹ್ನದ ಬಿಸಿಲಿನಲ್ಲಿಟ್ಟ ನೀರಿಗೆ ರಹಸ್ಯದ ಕಳೆ ಬರುವುದಿಲ್ಲ.

ಅಗ್ಗದ ಸಲಕರಣೆಗಳನ್ನು ಹಿಂದಿನ ಕಾಲದವರು ಇಷ್ಟು ಹಗುರವಾಗಿ ಕಂಡಿರಲಿಲ್ಲ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮೊದಲು ಗಲ್ಲಿಗೇರಿದ ಬ್ರಿಜೆಟ್ ಬಿಷಪ್ ಎಂಬ ಹೆಂಗಸಿನ ವಿರುದ್ಧ, ಆಕೆ ಹಿಂದೆ ವಾಸವಿದ್ದ ಮನೆಯ ನೆಲಮಾಳಿಗೆಯ ಗೋಡೆಯಲ್ಲಿ ಚಿಂದಿಬಟ್ಟೆ ಮತ್ತು ಹಂದಿಯ ಬಿರುಗೂದಲಿನ ಗೊಂಬೆಗಳು, ತಲೆಯಿಲ್ಲದ ಗುಂಡುಸೂಜಿಗಳ ಸಮೇತ ಸಿಕ್ಕವೆಂದು ಸಾಕ್ಷಿ ನುಡಿಯಲಾಯಿತು. ಮನೆಯಲ್ಲೇ ತಯಾರಾದ, ಕಾಸು ಖರ್ಚಿಲ್ಲದ ಸಾಮಾನು! ಆ ವರ್ಷ ಅಲ್ಲಿ 19 ಜನ ಗಲ್ಲಿಗೇರಿದರು. ಬ್ರಿಟನ್ನಿನ 1735ರ ಕಾಯ್ದೆಯಾದರೋ ಮಾಟ ಎಂಬುದೇ ಇಲ್ಲವೆಂದು ಬಗೆದು, ಮಾಟ ಬರುತ್ತದೆಂದು ನಟಿಸುವುದನ್ನು ಅಪರಾಧವಾಗಿಸಿ ಒಂದು ವರ್ಷದ ಸೆರೆಮನೆ ವಿಧಿಸಿತು. ಆ ಕಾಯ್ದೆ 1951ರಲ್ಲಿ ರದ್ದಾಯಿತು. ನಟನೆಗೆ ಅಂದಿನಿಂದ ಬಿಡುಗಡೆ, ವ್ಯಾಪಾರಕ್ಕೂ ಬಿಡುಗಡೆ. 2018ರಲ್ಲಿ ಅಮೆರಿಕದ ಸುಗಂಧದ್ರವ್ಯ ಕಂಪನಿಯೊಂದು ಭವಿಷ್ಯ ನೋಡುವ ಟ್ಯಾರೋ ಕಾರ್ಡುಗಳು, ಗುಲಾಬಿ ಸ್ಫಟಿಕ, ಹೊಗೆ ಹಾಕುವ ಬಿಳಿ ಸೇಜ್ ಸೊಪ್ಪಿನ ಕಟ್ಟು ಮತ್ತು ಅತ್ತರಿನ ಸೀಸೆಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಹೊಸ ಮಾಟಗಾತಿಯರಿಗೆಂದು 42 ಡಾಲರಿಗೆ ಮಾರಲು ಹೊರಟಿತು. ಬಿಳಿ ಸೇಜನ್ನು ಪವಿತ್ರವೆಂದು ಕಾಣುವ ಮೂಲನಿವಾಸಿಗಳೂ ಮಾಟಗಾತಿಯರೂ ಒಟ್ಟಿಗೆ ಆಕ್ಷೇಪಿಸಿದ್ದರಿಂದ ಕ್ಷಮೆ ಕೇಳಿ ಹಿಂತೆಗೆದುಕೊಂಡಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ವ್ಯಾಪಾರಿಗಳು ಅರ್ಥ ಮಾಡಿಕೊಂಡಷ್ಟು ಬೇರಾರೂ ಮಾಡಿಕೊಂಡಿಲ್ಲ: ಅದೇ ಗಿಡಕ್ಕೆ ದಾರ ಕಟ್ಟಿ ಪೆಟ್ಟಿಗೆಗೆ ಹಾಕಿದರೆ ಮದ್ದಾಗುತ್ತದೆ.

ನನ್ನ ಸಲಕರಣೆಗಳು ಈಗ ಕಪಾಟಿನ ಎರಡು ಅರೆಗಳನ್ನು ತುಂಬಿವೆ. ಬೂದಿ ಬೆರೆಸಿ ಮಾಡಿದ ಕರಿ ಉಪ್ಪು ತೇವ ಹೀರಿ ಹೆಂಟೆಗಟ್ಟಿದೆ. ಅದನ್ನು ಒಡೆಯಲು ಹೊರಟಾಗ ಕೈಗೆ ಸಿಕ್ಕಿದ್ದು ಏನನ್ನೂ ಕತ್ತರಿಸಬಾರದ ಚೂರಿ. ಬಾಗಿಲ ಮೇಲೆ ಕಡ್ಡಿ ಮೇಲಾಗಿ ತೂಗುಹಾಕಿದ ಪೊರಕೆಯಿಂದ ದಿನವೂ ಒಂದೆರಡು ಕಡ್ಡಿ ಉದುರುತ್ತವೆ, ಅವುಗಳ ಜೊತೆಗೆ ಒಂದಿಷ್ಟು ಧೂಳೂ ಬೀಳುತ್ತದೆ. ಅದನ್ನು ಗುಡಿಸಲು ಇನ್ನೊಂದು ಪೊರಕೆ ತಂದಿದ್ದೇನೆ.