ಮುಟ್ಟಿ ನೋಡದೆ ಕಾಗದ ಕೊಳ್ಳುವುದು ಹೇಗೆ ಮಾರಾಯ್ರೇ?

ಇವತ್ತು ಮೂರನೇ ಪ್ಯಾಕೆಟ್ ಬಂತು. ಅದೂ ಕೆಲಸಕ್ಕೆ ಬರುವಂಥದ್ದಲ್ಲ. ಸಿಟ್ಟು ತಡೆಯಲಾಗದೆ ಒಲೆ ಆರಿಸಿ ಬಂದು ಬರೆಯಲು ಕೂತಿದ್ದೇನೆ.

ಬರುವ ತಿಂಗಳು ಅಮ್ಮನಿಗೆ ಎಪ್ಪತ್ತು ತುಂಬುತ್ತದೆ. ಅಮ್ಮನ ಹಳೇ ಫೋಟೋಗಳನ್ನೆಲ್ಲ ಸೇರಿಸಿ ಒಂದು ಸ್ಕ್ರಾಪ್‌ಬುಕ್ ಮಾಡಿ ಕೊಡಬೇಕು ಅಂತ ಆಸೆ. 12 ಇಂಚು ಚೌಕದ ಆಲ್ಬಂ, 20 ಪುಟ. ಫೋಟೋ ಉಂಟು, ಅಂಟು ಉಂಟು, ಪಕ್ಕದಲ್ಲಿ ಬರೆಯಲು ಕಥೆಗಳು ಬೇಕಾದಷ್ಟು ಉಂಟು. ಫೋಟೋದ ಹಿಂದೆ ಹಾಕಲು ಡಿಸೈನ್ ಇರುವ ಒಳ್ಳೆಯ ಕಾಗದ ಮಾತ್ರ ಇಲ್ಲ. ಎರಡು ತಿಂಗಳಿಂದ ಅದನ್ನೇ ಹುಡುಕುತ್ತಿದ್ದೇನೆ.

ಯಾವುದೋ ಒಂದು ಬಣ್ಣದ ಕಾಗದ ಹಾಕಿದರೆ ಆಗದಾ ಅಂತ ಮನೆಯಲ್ಲೂ ಕೇಳಿದರು. ಆಗುವುದಿಲ್ಲ. ಯಾಕೆ ಅಂತ ನಮ್ಮ ಹಳೇ ಆಲ್ಬಂ ನೋಡಿದರೆ ಗೊತ್ತಾಗುತ್ತದೆ. ಅಮ್ಮನ ಮದುವೆ 1978ರಲ್ಲಿ. ಆ ಫೋಟೋಗಳನ್ನು ಆಮೇಲೆ ಒಂದು ಅಂಟಿನ ಆಲ್ಬಮಿಗೆ ಹಾಕಿದ್ದರು. ಪುಟದ ತುಂಬ ಅಂಟಿನ ಗೆರೆ, ಮೇಲೆ ಪ್ಲಾಸ್ಟಿಕ್ ಹಾಳೆ, ಎಳೆದು ಮುಚ್ಚಿದರೆ ಆಯ್ತು. ಆಗ ಎಲ್ಲರ ಮನೆಯಲ್ಲೂ ಅದೇ. ಈಗ ತೆಗೆದು ನೋಡಿದರೆ ಆ ಗೆರೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿವೆ. ಪುಟದ ರಟ್ಟು ಚಹಾ ಚೆಲ್ಲಿದ ಹಾಗೆ ಆಗಿದೆ. ಅಜ್ಜ ಧಾರೆ ಎರೆಯುವ ಫೋಟೋ ಬಿಡಿಸಲು ಹೋದೆ. ಹಲ್ಲಿನ ಸಂದು ಉಜ್ಜುವ ನೂಲನ್ನು ಹಿಂದೆ ಹಾಕಿ ಮೆಲ್ಲ ಮೆಲ್ಲ ಎಳೆದರೂ ಒಂದು ಮೂಲೆ ಪುಟಕ್ಕೇ ಅಂಟಿಕೊಂಡು ಉಳಿಯಿತು. ಅಜ್ಜನ ಎಡಗೈ ಹೋಯಿತು. ಅಜ್ಜನದ್ದು ನಮ್ಮಲ್ಲಿರುವುದು ಎರಡೇ ಫೋಟೋ.

ಅಗ್ಗದ ಕಾಗದದಲ್ಲಿ ಲಿಗ್ನಿನ್, ಅಂದರೆ ಮರವನ್ನು ಗಟ್ಟಿ ಮಾಡುವ ಅಂಶ, ಹಾಗೇ ಉಳಿದಿರುತ್ತದೆ. ಗಾಳಿ, ಬೆಳಕು ತಾಗಿ ಅದು ಹಳದಿಯಾಗುತ್ತದೆ. ನ್ಯೂಸ್ ಪೇಪರ್ ಬಿಸಿಲಲ್ಲಿ ಬಿಟ್ಟರೆ ಎರಡು ದಿನದಲ್ಲಿ ಬಣ್ಣ ತಿರುಗುತ್ತದಲ್ವಾ, ಅದೇ. ಕಾಗದದ ಆಮ್ಲ ಪಕ್ಕದ ಫೋಟೋಕ್ಕೂ ಹರಡುತ್ತದೆ. ಅದಕ್ಕೇ ಸ್ಕ್ರಾಪ್‌ಬುಕ್ ಕಾಗದಕ್ಕೆ ಆಸಿಡ್ ಫ್ರೀ, ಲಿಗ್ನಿನ್ ಫ್ರೀ ಅಂತ ನೋಡಿ ಕೊಳ್ಳಬೇಕು ಅನ್ನುವುದು. ನಾನು ಕೇಳುತ್ತಿರುವುದು ಶೋಕಿಗೆ ಅಲ್ಲ. ಅಜ್ಜನ ಬಲಗೈಯಾದರೂ ಉಳಿಯಲಿ ಅಂತ.

ಮೊದಲು ಕಾಸರಗೋಡು ಪೇಟೆಗೆ ಹೋದೆ. ಹಳೇ ಬಸ್ ಸ್ಟ್ಯಾಂಡಿನಿಂದ ಹೊಸ ಬಸ್ ಸ್ಟ್ಯಾಂಡಿನವರೆಗೆ ನಾಲ್ಕು ಅಂಗಡಿ ಹತ್ತಿ ಇಳಿದೆ. ಸ್ಕ್ರಾಪ್‌ಬುಕ್ ಕಾಗದ ಅಂದರೆ ಚಾರ್ಟ್ ಪೇಪರ್ ತೋರಿಸುತ್ತಾರೆ. ಅಲ್ಲ, ಡಿಸೈನ್ ಇರುವುದು ಅಂದರೆ ಗಿಫ್ಟ್ ಕಟ್ಟುವ ಮಿರಮಿರ ಕಾಗದ ಬಿಚ್ಚುತ್ತಾರೆ. ಅದಕ್ಕೆ ಅಂಟು ಹಚ್ಚಿದ ಕೂಡಲೇ ಹಪ್ಪಳದ ಹಾಗೆ ಉಬ್ಬುತ್ತದೆ. 'ಇದೇ ಉಳ್ಳೂ ಚೇಚೀ' ಅಂದ ಹುಡುಗ, ಇಷ್ಟೇ ಇರುವುದು ಅಕ್ಕ ಅಂತ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಸಿಟ್ಟು ಇರುವುದು ಆನ್‌ಲೈನ್‌ನಲ್ಲಿ ಮಾರುವವರ ಮೇಲೆ.

ಒಂದನೇ ಪ್ಯಾಕೆಟ್. ಫೋಟೋದಲ್ಲಿ 24 ಬಗೆಯ ಡಿಸೈನ್ ಬೀಸಣಿಗೆಯ ಹಾಗೆ ಹರಡಿ ತೋರಿಸಿದ್ದಾರೆ. ಬಂದದ್ದು ಎಂಟೇ ಡಿಸೈನ್, ಒಂದೊಂದರದ್ದು ಮೂರು ಮೂರು ಹಾಳೆ. 24 ಹಾಳೆ ಅಂತ ಬರೆದಿದ್ದೆವು, 24 ಡಿಸೈನ್ ಅಂತ ಬರೆದಿಲ್ಲವಲ್ಲ ಅಂತ ಅವರ ಉತ್ತರ. ಇದು ಮೋಸವಲ್ಲದೆ ಮತ್ತೇನು? ಅಳತೆಯೂ ಅಷ್ಟೇ. ಫೋಟೋದಲ್ಲಿ ಹಾಳೆಯ ಪಕ್ಕ ಒಂದು ಹೂವು, ಒಂದು ಕಪ್ ಕಾಫಿ ಇಟ್ಟಿರುತ್ತಾರೆ. ನೋಡಿದರೆ ದೊಡ್ಡದೇ ಅನ್ನಿಸುತ್ತದೆ. ಬಂದದ್ದು 6 ಇಂಚು ಚೌಕ. ನನ್ನ ಒಂದು ಪುಟ ಮುಚ್ಚಲು ಅಂಥದ್ದು ನಾಲ್ಕು ಬೇಕು, ನಡುವೆ ಎರಡು ಸೇರಿಕೆ ಗೆರೆ. ಅಳತೆ ಎಲ್ಲಿ ಬರೆದಿತ್ತು ಗೊತ್ತಾ? ಎಲ್ಲಕ್ಕಿಂತ ಕೆಳಗೆ, 'ಇನ್ನಷ್ಟು ನೋಡಿ' ಒತ್ತಿದ ಮೇಲೆ.

ಎರಡನೆಯದನ್ನು ಹುಷಾರಾಗಿ ತರಿಸಿದೆ. ಅದೂ 6 ಇಂಚಿನದೇ, ಅಂಚಿಗೆ, ಟ್ಯಾಗಿಗೆ ಆಗುತ್ತದೆ ಅಂತ. 160 ಜಿಎಸ್‌ಎಂ ಅಂತ ದೊಡ್ಡದಾಗಿ ಬರೆದಿದ್ದರು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಜೆರಾಕ್ಸ್ ಅಂಗಡಿಯ ಹಾಳೆ 70 ಅಥವಾ 80. ಹಾಳೆ ಕೈಗೆ ತಾಗಿದ ಕೂಡಲೇ ಸಂಶಯ ಬಂತು. ಅಡಿಗೆಮನೆಯ ತಕ್ಕಡಿ ತಂದು ಮುಖಪುಟ, ರಟ್ಟು ಎಲ್ಲ ತೆಗೆದು 24 ಹಾಳೆ ತೂಗಿದೆ. 6 ಇಂಚಿನ 24 ಹಾಳೆ ನಿಜಕ್ಕೂ 160 ಜಿಎಸ್‌ಎಂ ಆಗಿದ್ದರೆ 89 ಗ್ರಾಂ ತೂಗಬೇಕು. ತೂಗಿದ್ದು 50 ಗ್ರಾಂ. ಅಂದರೆ 90 ಜಿಎಸ್‌ಎಂ. ಹೆಚ್ಚುಕಮ್ಮಿ ಜೆರಾಕ್ಸ್ ಹಾಳೆಗೇ ಹೂವಿನ ಚಿತ್ರ ಒತ್ತಿ, ದಪ್ಪ ಕಾಗದದ ದುಡ್ಡು ತೆಗೆದುಕೊಂಡಿದ್ದಾರೆ! ತರಕಾರಿಯವ ಒಂದು ಕಿಲೋ ಅಂತ ಅರ್ಧ ಕಿಲೋ ಕೊಟ್ಟರೆ ಯಾರಾದರೂ ಸುಮ್ನೆ ಬರುತ್ತಾರಾ?

ಕತ್ತರಿಸಿದ ಒಂದು ಪಟ್ಟಿಯನ್ನು ಕಿಟಕಿಯ ಹತ್ತಿರ ಇಟ್ಟು ಅರ್ಧದ ಮೇಲೆ ಸ್ಟೀಲ್ ತಟ್ಟೆ ಕವುಚಿದೆ. ಹತ್ತು ದಿನ ಬಿಟ್ಟು ತಟ್ಟೆ ಎತ್ತಿದೆ. ಮುಚ್ಚಿದ ಭಾಗ ನಸುಗೆಂಪು, ತೆರೆದ ಭಾಗ ಮಾಸಿದ ಹಳದಿ, ನಡುವೆ ತಟ್ಟೆಯ ಅಂಚಿನ ದುಂಡು ಗೆರೆ ಎದ್ದು ಕಾಣುತ್ತಿತ್ತು. ಪ್ಯಾಕೆಟಿನ ಮೇಲೆ 'ಫೋಟೋಕ್ಕೆ ಸುರಕ್ಷಿತ' ಅಂತ ಇತ್ತು. ಹತ್ತು ದಿನಕ್ಕೇ ಹೀಗಾದರೆ ಹತ್ತು ವರ್ಷಕ್ಕೆ ಏನಾಗಬೇಡ? ಅದೂ ನಮ್ಮ ಊರಿನಲ್ಲಿ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮಳೆಗಾಲದ ಆಟಿ ತಿಂಗಳಲ್ಲಿ ಕಪಾಟಿನ ಒಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ.

ಇವತ್ತಿನದ್ದು ಸರಿಯಾಗಿ 12 ಇಂಚಿನದು, ಕಾಗದವೂ ದಪ್ಪ. ಆದರೆ ಕೊರಿಯರಿನವರು ನಡುವೆ ಮಡಚಿ ಚೀಲಕ್ಕೆ ತುರುಕಿದ್ದಾರೆ. ಹಿಂದೆ ಒಂದು ರಟ್ಟು ಇಟ್ಟು ಕಳಿಸಲು ಎಷ್ಟು ಖರ್ಚು? ಎಲ್ಲ ಹಾಳೆಯಲ್ಲೂ ಅಡ್ಡಕ್ಕೆ ಮಡಿಕೆ, ಮಡಿಕೆಯಲ್ಲಿ ಬಣ್ಣ ಬಿರಿದು ಒಳಗಿನ ಬಿಳಿ ಕಾಣುತ್ತದೆ. ವಾಪಸ್ ತೆಗೆದುಕೊಳ್ಳಿ ಅಂದರೆ ಪ್ಯಾಕೆಟ್ ಒಡೆದಿದ್ದೀರಿ ಅನ್ನುತ್ತಾರೆ. ಒಡೆಯದೆ ಒಳಗಿನ ಮಡಿಕೆ ಹೇಗೆ ಕಾಣಬೇಕು? ದೂರು ಹೇಳಲು ಫೋನ್ ಮಾಡಿದರೆ ಮಲಯಾಳ ಬೇಕಾ, ಹಿಂದಿ ಬೇಕಾ, ಇಂಗ್ಲಿಷ್ ಬೇಕಾ ಅಂತ ಕೇಳುತ್ತದೆ. ಪಿನ್ ಕೋಡ್ 67ರಿಂದ ಶುರುವಾದರೆ ಅಲ್ಲಿ ಕನ್ನಡದವರು ಇಲ್ಲ ಅಂತ ಅವರ ಲೆಕ್ಕ ಇರಬೇಕು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದನ್ನು ಅನುಭವಿಸಿಕೊಂಡು ಬಂದಿದ್ದೇವೆ, ಈಗ ಕಾಗದದ ದೂರಿಗೂ ಅದೇ.

ನಡುವೆ ಒಂದು ದಿನ ಮಂಗಳೂರಿಗೂ ಹೋಗಿದ್ದೆ. ನೀರ್ಚಾಲಿನಿಂದ ಕುಂಬಳೆ, ಅಲ್ಲಿಂದ ಇನ್ನೊಂದು ಬಸ್. ಹಂಪನಕಟ್ಟೆಯ ಹತ್ತಿರ ಒಂದು ಅಂಗಡಿಯಲ್ಲಿ 12 ಇಂಚಿನ ಬಿಡಿ ಹಾಳೆ ಸಿಕ್ಕಿತು, ಒಂದಕ್ಕೆ 45 ರೂಪಾಯಿ. ದುಬಾರಿಯೇ. ಆದರೂ ಕೈಯಲ್ಲಿ ಹಿಡಿದಾಗ ಎಷ್ಟು ಖುಷಿಯಾಯಿತು! ಬೆರಳಿಗೆ ದಪ್ಪ ಗೊತ್ತಾಗುತ್ತದೆ, ಬೆಳಕಿಗೆ ಹಿಡಿದರೆ ಹಿಂದಿನದು ಕಾಣುವುದಿಲ್ಲ. ಹಾಳೆಯ ಕೆಳಗಿನ ಪಟ್ಟಿಯಲ್ಲೇ ಆಸಿಡ್ ಫ್ರೀ ಅಂತ ಅಚ್ಚಾಗಿತ್ತು. ತೊಂದರೆ ಏನೆಂದರೆ ಒಂದೊಂದು ಡಿಸೈನಿಗೆ ಒಂದೇ ಹಾಳೆ. ಎರಡೂ ಬದಿಯಲ್ಲಿ ಡಿಸೈನ್ ಇರುವ ಕಾಗದ ಬೇರೆ. ಒಂದು ಬದಿ ಅಂಟಿಸಿದರೆ ಇನ್ನೊಂದು ಬದಿ ಹೋಯಿತು. ಎದುರುಬದುರು ಪುಟ ಒಂದೇ ಥರ ಬೇಕಾದರೆ ಎರಡೆರಡು ಹಾಳೆ ಬೇಕಲ್ವಾ? ತರಿಸಿ ಕೊಡಿ ಅಂದರೆ 'ಇಡೀ ಕಟ್ಟು ತೆಗೆದುಕೊಂಡರೆ ತರಿಸುವಾ ಅಕ್ಕ' ಅಂದರು. ಏಳು ಹಾಳೆ ತಂದೆ. ಆ ಏಳೇ ಈಗ ಆಲ್ಬಮಿನಲ್ಲಿ ಇರುವುದು.

ಪ್ರಿಂಟ್ ಹಾಕಿಸು ಅಂತ ತಂಗಿ ಹೇಳಿದಳು. ಎ4 ಹಾಳೆ 21 ಸೆಂಟಿಮೀಟರ್ ಅಗಲ, ನನ್ನ ಪುಟ 30 ಸೆಂಟಿಮೀಟರಿಗಿಂತ ಜಾಸ್ತಿ. 13 ಇಂಟು 19 ಇಂಚಿನ ಹಾಳೆ ಹಾಕುವ ಡಿಜಿಟಲ್ ಪ್ರೆಸ್ಸಿನಲ್ಲಿ ಮಾಡಿಸಬಹುದು. ಅಲ್ಲಿ ಕಾಗದ ಯಾವುದು ಅಂತ ಕೇಳಿದರೆ 'ಆರ್ಟ್ ಕಾರ್ಡ್, ಚೆನ್ನಾಗಿರ್ತದೆ' ಅನ್ನುತ್ತಾರೆ, ಅಷ್ಟೇ ಉತ್ತರ.

ಇನ್ನೊಂದು ಬೇಜಾರು. ಎಲ್ಲ ಪ್ಯಾಡಿನಲ್ಲೂ ಅದೇ ಐಫೆಲ್ ಟವರ್, ಅದೇ ಹಿಮದ ಮರ, ಅದೇ ಗುಲಾಬಿ. ಅಮ್ಮ ಬಾವಿಕಟ್ಟೆಯ ಹತ್ತಿರ ನಿಂತ ಫೋಟೋದ ಹಿಂದೆ ಐಫೆಲ್ ಟವರ್ ಹಾಕಲಾ? ಅಡಿಕೆಯ ಹಿಂಗಾರ ಎಷ್ಟು ಚಂದದ ಡಿಸೈನ್, ಸುರಗಿ ಮಾಲೆ ಎಷ್ಟು ಚಂದ. ಕಾಸರಗೋಡು ಸೀರೆಯ ಚೌಕುಳಿಯನ್ನೇ ಅಚ್ಚು ಹಾಕಿದರೆ ನಾನು ಹತ್ತು ಹಾಳೆ ಕೊಳ್ಳುತ್ತೇನೆ.

ಮಾರುವವರು ಮಾಡಬೇಕಾದದ್ದು ದೊಡ್ಡ ಕೆಲಸವೇನೂ ಅಲ್ಲ. ಹಾಳೆ ಎಷ್ಟು, ಡಿಸೈನ್ ಎಷ್ಟು, ಒಂದು ಬದಿಯಾ ಎರಡು ಬದಿಯಾ, ಎಷ್ಟು ಇಂಚು, ಎಷ್ಟು ಜಿಎಸ್‌ಎಂ ಅಂತ ಮೇಲೆಯೇ ಬರೆಯಿರಿ. ನಿಜ ಬರೆಯಿರಿ. ಕಪ್ ಕಾಫಿಯ ಬದಲು ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಪ್ಯಾಕ್ ಮಾಡಿದ ಸಾಮಾನಿನ ಮೇಲೆ ಎಷ್ಟು ಉಂಟು, ಅಳತೆ ಮುಖ್ಯವಾದ ಸಾಮಾನಾದರೆ ಅಳತೆ ಎಷ್ಟು ಅಂತ ಹಾಕಲೇಬೇಕು ಅಂತ 2011ರ ಪ್ಯಾಕೇಜ್ ನಿಯಮದಲ್ಲೇ ಇದೆ. ಗೊತ್ತಿದ್ದೂ ಬರೆಯುವುದಿಲ್ಲ. ಬರೆದರೆ ಯಾರೂ ಕೊಳ್ಳುವುದಿಲ್ಲ ಅಂತ ಅವರಿಗೆ ಗೊತ್ತು.

1915ಕ್ಕೆ ಫೋನ್ ಮಾಡಿ ಗ್ರಾಹಕರ ದೂರು ದಾಖಲಿಸಿದ್ದೇನೆ. ತಕ್ಕಡಿಯ ಮೇಲೆ ಹಾಳೆ ಇಟ್ಟು ತೆಗೆದ ಫೋಟೋವನ್ನೂ ಸೇರಿಸಿದ್ದೇನೆ. ಮಂಗಳೂರಿನಲ್ಲಿ, ಪುತ್ತೂರಿನಲ್ಲಿ ಅಥವಾ ಈಚೆ ಕಣ್ಣೂರಿನಲ್ಲಿ 12 ಇಂಚಿನ ಆಸಿಡ್ ಫ್ರೀ ಕಾಗದವನ್ನು ಬಿಡಿಯಾಗಿ, ಒಂದೇ ಡಿಸೈನಿನ ಎರಡೆರಡು ಹಾಳೆ ಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ಶನಿವಾರ ರಜೆ ಉಂಟು, ಎಷ್ಟು ಬಸ್ ಬದಲಿಸಬೇಕಾದರೂ ಹೋಗುತ್ತೇನೆ. ಇನ್ನೂ ಹದಿಮೂರು ಪುಟ ಖಾಲಿ ಉಂಟು.