ಮೊದಲೇ ಹೇಳಿದ್ದರು, ಆಮೇಲೆ ಗೊತ್ತಾಯಿತು

ಜಗತ್ತಿನ ಯಾವ ಮೂಲೆಯಲ್ಲಿ ಏನೇ ಆಗಲಿ, ಅರ್ಧ ಗಂಟೆಯೊಳಗೆ ನಮ್ಮ ಚಿಂತಾಮಣಿ ಊರಿಗೆ ಒಂದು ವಿಡಿಯೊ ಬಂದು ಬೀಳುತ್ತದೆ. ವಿಮಾನ ಬಿದ್ದರೂ ಬರುತ್ತದೆ, ಸರ್ಕಾರ ಬಿದ್ದರೂ ಬರುತ್ತದೆ. ಕೆಂಪು ಬಾಣ, ಹಳದಿ ಅಕ್ಷರ, ಹಿಂದೆ ಢಂ ಢಂ ಸದ್ದು. ‘ಇದನ್ನು ಅವರು ಮೊದಲೇ ಹೇಳಿದ್ದರು!’ ಅವರು ಅಂದರೆ ಯಾರು? ಒಂದು ಸಲ ವೀರಬ್ರಹ್ಮೇಂದ್ರ ಸ್ವಾಮಿಗಳು. ಇನ್ನೊಂದು ಸಲ ಫ್ರಾನ್ಸಿನ ನೋಸ್ಟ್ರಡಾಮಸ್. ಮತ್ತೊಂದು ಸಲ ಅಮೆರಿಕದ ಕಾರ್ಟೂನು. ಹೇಳಿದವರು ಬದಲಾಗುತ್ತಾರೆ, ನಮಗೆ ತಿಳಿಯುವ ಹೊತ್ತು ಮಾತ್ರ ಬದಲಾಗುವುದಿಲ್ಲ. ಯಾವಾಗಲೂ ಆದ ಮೇಲೆಯೇ.

ನಾವು ಆಂಧ್ರದ ಗಡಿಯವರು. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ. ಹಾಗಾಗಿ ಭವಿಷ್ಯವೂ ನಮಗೆ ಎರಡು ಭಾಷೆಯಲ್ಲಿ ಬರುತ್ತದೆ, ಹೆದರಿಕೆಯೂ ಎರಡು ಪಾಲು. 2020ರಲ್ಲಿ ವೀರಬ್ರಹ್ಮೇಂದ್ರರ ಕಾಲಜ್ಞಾನದ್ದು, ಅಂದರೆ ಅವರ ಭವಿಷ್ಯವಾಣಿಯದ್ದು ಅಂತ ಒಂದು ತೆಲುಗು ಪದ್ಯ ಎಲ್ಲರ ಫೋನಿನಲ್ಲೂ ಓಡಾಡಿತು. ‘ಕೋರಂಕಿ’ ಅನ್ನುವ ಜಡ್ಡು ಕೋಟಿ ಜನಕ್ಕೆ ತಗಲುತ್ತದೆ, ಕೋಳಿಗಳ ಹಾಗೆ ತೂಗಿ ತೂಗಿ ಸಾಯುತ್ತಾರೆ ಅಂತ. ಕೋರಂಕಿ ಅಂದರೆ ಕೊರೊನಾ, ಇನ್ನೇನು ಬೇಕು? ಇದನ್ನೇ ಯಾರಾದರೂ 2019ರ ದೀಪಾವಳಿಗೆ ಕಳಿಸಿದ್ದರೆ ನಾನು ಮಾಸ್ಕ್ ಹೊಲಿಸಿಟ್ಟುಕೊಂಡು, ಇಷ್ಟೊತ್ತಿಗೆ ಬೆಂಗಳೂರಲ್ಲಿ ಸೈಟು ತಗೊಂಡಿರುತ್ತಿದ್ದೆ. ಯಾರೂ ಕಳಿಸಲಿಲ್ಲ.

ನಮ್ಮ ತಾಲ್ಲೂಕಿನಲ್ಲೇ ಕೈವಾರವಿದೆ. ಅಲ್ಲಿನ ತಾತಯ್ಯನವರು ಬಳೆ ಮಾರುತ್ತಿದ್ದವರು, ಆಮೇಲೆ ಯೋಗಿಯಾಗಿ ಕನ್ನಡ, ತೆಲುಗು ಎರಡರಲ್ಲೂ ಹಾಡಿದವರು. ಅವರ ಕಾಲಜ್ಞಾನವನ್ನು ಭಕ್ತಿಯಿಂದ ಕೇಳುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಆ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಅವರು ಹೇಳದೇ ಇದ್ದದ್ದನ್ನೂ ಅವರ ಹೆಸರಿಗೆ ಖಾತೆ ಮಾಡಿಸುವವರ ಮೇಲೆ. ಜಮೀನಿಗಾದರೆ ಒಂದು ಪಹಣಿ ಕೇಳುತ್ತಾರೆ. ಪದ್ಯಕ್ಕೆ ಅದೂ ಬೇಡ.

ಈ ಕಸುಬು ನಮ್ಮಲ್ಲಿ ಶುರುವಾದದ್ದೂ ಅಲ್ಲ. ಇಂಗ್ಲೆಂಡಿನಲ್ಲಿ ಮದರ್ ಶಿಪ್ಟನ್ ಅಂತ ಹಳೇ ಕಾಲದ ಒಬ್ಬ ಅಜ್ಜಿಯ ಹೆಸರಿನಲ್ಲಿ ಭವಿಷ್ಯದ ಪುಸ್ತಕಗಳು ಓಡುತ್ತಿದ್ದವು. 1862ರ ಒಂದು ಪುಸ್ತಕದಲ್ಲಿ ‘1881ಕ್ಕೆ ಲೋಕ ಮುಗಿಯುತ್ತದೆ’ ಅಂತ ಪದ್ಯ ಬಂತು. 1873ರಲ್ಲಿ ಅದನ್ನು ಅಚ್ಚು ಹಾಕಿಸಿದವನೇ ‘ಅದು ನಾನೇ ಕಟ್ಟಿದ್ದು’ ಅಂತ ಒಪ್ಪಿಕೊಂಡ. ಪುಣ್ಯಾತ್ಮ, ಲೋಕ ಮುಗಿಯಲು ಎಂಟು ವರ್ಷ ಇರುವಾಗಲೇ ಒಪ್ಪಿಕೊಂಡ. ಈಗಿನವರು ಅಷ್ಟು ಮರ್ಯಾದಸ್ಥರಲ್ಲ. 2001ರಲ್ಲಿ ನ್ಯೂಯಾರ್ಕಿನ ಜೋಡಿ ಕಟ್ಟಡ ಬಿದ್ದಾಗ, ‘ಇಬ್ಬರು ಅಣ್ಣತಮ್ಮಂದಿರು ಸೀಳಿಹೋಗುವರು’ ಎಂಬ ನೋಸ್ಟ್ರಡಾಮಸ್ ಪದ್ಯ ಲೋಕವನ್ನೆಲ್ಲ ಸುತ್ತಿತು. ಅದನ್ನು ಬರೆದವನು ಕೆನಡಾದ ಒಬ್ಬ ಕಾಲೇಜು ಹುಡುಗ. ಗೊತ್ತುಗುರಿಯಿಲ್ಲದ ಪದ್ಯ ಬರೆದರೆ ಯಾವುದಕ್ಕೆ ಬೇಕಾದರೂ ಅಂಟಿಸಬಹುದು ಅಂತ ತೋರಿಸಲು, ಕಟ್ಟಡ ಬೀಳುವುದಕ್ಕೆ ವರ್ಷಗಳ ಹಿಂದೆ ಅವನು ಉದಾಹರಣೆಗೆ ಕಟ್ಟಿದ್ದು. ಜನ ಅದನ್ನೇ ಎತ್ತಿಕೊಂಡು ಹೋಗಿ ಅಂಟಿಸಿದರು. ಪಾಪ, ಅವನ ವಾದಕ್ಕೆ ಇಷ್ಟು ದೊಡ್ಡ ಪುರಾವೆ ಸಿಗುತ್ತದೆ ಅಂತ ಅವನೂ ಅಂದುಕೊಂಡಿರಲಿಲ್ಲ ಅನ್ನಿಸುತ್ತದೆ.

ಬಲ್ಗೇರಿಯಾದ ಬಾಬಾ ವಂಗಾ ಅವರದ್ದು ಇನ್ನೂ ಚೆಂದ. ಕಣ್ಣು ಕಾಣದ ಆ ಅಜ್ಜಿ ತೀರಿಕೊಂಡದ್ದು 1996ರಲ್ಲಿ. ತಮ್ಮ ಕೈಯಾರೆ ಏನನ್ನೂ ಬರೆದಿಟ್ಟವರಲ್ಲ. ಆದರೂ ಪ್ರತಿ ಡಿಸೆಂಬರಿನಲ್ಲಿ ಮುಂದಿನ ವರ್ಷದ ಹೊಸ ಪಟ್ಟಿ ತಪ್ಪದೆ ಬಿಡುಗಡೆಯಾಗುತ್ತದೆ. ಬದುಕಿರುವವರು ಕೂತಿರುವ ಎಷ್ಟೋ ಕಚೇರಿಗಳಲ್ಲಿ ಇಷ್ಟು ಚುರುಕು ನಾನು ಕಂಡಿಲ್ಲ.

ಕಥೆ ಬರೆಯುವವರಿಗೂ ಈಗ ಬಿಡುಗಡೆಯಿಲ್ಲ. ಅವರು ಸುಮ್ನೆ ಹೊಟ್ಟೆಪಾಡಿಗೆ ಬರೆದದ್ದೆಲ್ಲ ದಿವ್ಯದೃಷ್ಟಿ. ಸಿಂಪ್ಸನ್ಸ್ ಕಾರ್ಟೂನು 1989ರಿಂದ ನಡೆಯುತ್ತಿದೆ, 750ಕ್ಕೂ ಜಾಸ್ತಿ ಕಂತು ಬಂದಿವೆ. ಅಷ್ಟು ಕಲ್ಲು ಬೀಸಿದರೆ ನಾಲ್ಕು ಮಾವಿನಕಾಯಿ ಬೀಳದೇ ಇರುತ್ತದೆಯೇ? 2000ದ ಒಂದು ಕಂತಿನಲ್ಲಿ ಟ್ರಂಪ್ ಅಧ್ಯಕ್ಷರಾಗಿದ್ದರು ಅಂತ ಒಂದು ತಮಾಷೆಯ ಮಾತಿದೆ, ನಿಜ. ಆದರೆ ಆ ಹೊತ್ತಿಗೆ ಟ್ರಂಪ್ ಆಗಲೇ ಒಂದು ಸಣ್ಣ ಪಕ್ಷದಿಂದ ಅಧ್ಯಕ್ಷ ಚುನಾವಣೆಗೆ ನಿಲ್ಲಲು ಓಡಾಡಿದ್ದರು. ಅವರು ಎಸ್ಕಲೇಟರಿನಲ್ಲಿ ಇಳಿದು ಬರುವ ಕಾರ್ಟೂನು ಚಿತ್ರವನ್ನೂ ಅದರ ಪಕ್ಕ ಅಂಟಿಸಿ ಕಳಿಸುತ್ತಾರಲ್ಲ, ಅದು ಬಂದದ್ದು 2015ರಲ್ಲಿ, ಚುನಾವಣೆಗೆ ನಿಲ್ಲುತ್ತೇನೆ ಅನ್ನಲು ಅವರು ನಿಜವಾಗಿ ಹಾಗೆ ಇಳಿದು ಬಂದ ಮೇಲೆ. ಅಮೆರಿಕದ್ದೇ ಒಂದು ಕಾದಂಬರಿಯಲ್ಲಿ ವುಹಾನ್ ಹೆಸರಿನ ರೋಗವಿದೆ, ಅದೂ ಸರಿ. 1981ರಲ್ಲಿ ಅಚ್ಚಾದಾಗ ಆ ರೋಗಕ್ಕೆ ರಷ್ಯಾದ ಊರಿನ ಹೆಸರಿತ್ತು. 1989ರ ಮುದ್ರಣದಲ್ಲಿ ಚೀನಾದ ಊರು ಬಂತು. ರಷ್ಯಾ ಜೊತೆ ಜಗಳ ತಣ್ಣಗಾಗುತ್ತಿತ್ತು, ಕಥೆಗೆ ಹೊಸ ಶತ್ರು ಬೇಕಿತ್ತು.

ಮೊದಲೇ ತಾರೀಖು ಹೇಳಿದ ಪುಸ್ತಕವೂ ಒಂದಿದೆ, ಜಪಾನಿನ ಚಿತ್ರಕಥೆ. 1999ರದ್ದು. 2021ರಲ್ಲಿ ಹೊಸದಾಗಿ ಅಚ್ಚಾದಾಗ 2025ರ ಜುಲೈನಲ್ಲಿ ದೊಡ್ಡ ಅನಾಹುತ ಅಂತ ಸೇರಿತು. ‘ನಾನು ಪ್ರವಾದಿಯಲ್ಲ’ ಅಂತ ಬರೆದಾಕೆಯೇ ಹೇಳಿದರೂ ಯಾರೂ ಕೇಳಲಿಲ್ಲ. ಜಪಾನಿಗೆ ಹೋಗುವವರು ಕಮ್ಮಿಯಾಗಿ ಹಾಂಕಾಂಗಿನ ವಿಮಾನ ಕಂಪನಿಗಳು ಹಾರಾಟವನ್ನೇ ಕಡಿಮೆ ಮಾಡಿದವು. ಎಲ್ಲರೂ ಹೆದರಿ ಕಾದಿದ್ದ ಜುಲೈ 5 ಬಂತು, ಹೋಯಿತು. ಅಂಥದ್ದೇನೂ ಆಗಲಿಲ್ಲ. ಮುಗಿಯಿತು ಅಂದುಕೊಂಡಿರಾ? ತಿಂಗಳ ಕೊನೆಯಲ್ಲಿ ರಷ್ಯಾದ ಕಮ್ಚಾಟ್ಕಾದಲ್ಲಿ 8.8ರ ಭೂಕಂಪವಾಯಿತು, ಜಪಾನಿಗೂ ಸುನಾಮಿ ಎಚ್ಚರಿಕೆ ಕೊಟ್ಟರು. ‘ನೋಡಿದಿರಾ!’ ಅಂತ ವಿಡಿಯೊ ಶುರು. ದೇಶ ತಪ್ಪಿತು, ದಿನ ತಪ್ಪಿತು, ತಿಂಗಳು ಸರಿಯಿತ್ತಲ್ವಾ!

ನಮ್ಮ ಬೀದಿಯಲ್ಲೂ ಒಬ್ಬ ಕಾಲಜ್ಞಾನಿ ಇದ್ದಾನೆ. ಹಗಲು ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುತ್ತಾನೆ, ರಾತ್ರಿ ಚಾನೆಲ್ ನಡೆಸುತ್ತಾನೆ. “ಲೋ, ಒಂದ್ಸಲನಾದ್ರೂ ಮೊದ್ಲೇ ಹಾಕೋ” ಅಂದೆ.

“ಮೊದ್ಲೇ ಹಾಕಿದ್ರೆ ಯಾರಣ್ಣ ನೋಡ್ತಾರೆ? ಆಗ್ದೇ ಹೋದ್ರೆ ಕಾಮೆಂಟಲ್ಲಿ ಬೈತಾರೆ. ಆದ್ಮೇಲೆ ಹಾಕಿದ್ರೆ ನೂರಕ್ಕೆ ನೂರು ಸರಿ ಇರುತ್ತೆ.”

ಇಷ್ಟು ಪ್ರಾಮಾಣಿಕ ಮಾತನ್ನು ನಾನು ಯಾವ ಟಿವಿ ಜ್ಯೋತಿಷಿಯ ಬಾಯಲ್ಲೂ ಕೇಳಿಲ್ಲ.

ಹೋಲಿಸಿದರೆ ನಮ್ಮಲ್ಲಿ ಬೋರ್‌ವೆಲ್‌ಗೆ ಜಾಗ ತೋರಿಸುವವರೇ ವಾಸಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ಕಲ್ಲು ನೆಡುತ್ತಾರೆ. ‘ಸಾವಿರ ಅಡಿಗೆ ಎರಡಿಂಚು ನೀರು’ ಅನ್ನುತ್ತಾರೆ. ಮೊದಲೇ ಅನ್ನುತ್ತಾರೆ ಅನ್ನುವುದನ್ನು ಗಮನಿಸಿ. ಸಾವಿರದ ಇನ್ನೂರು ಅಡಿ ಹೋದರೂ ಬಿಳೀ ಹಿಟ್ಟು ಮಾತ್ರ ಹಾರಿದರೆ, ‘ನೀರಿತ್ತು ಸ್ವಾಮಿ, ಪಕ್ಕದವರ ಬೋರು ಎಳ್ಕೊಂಡಿದೆ’ ಅನ್ನುತ್ತಾರೆ. ಆದರೂ ಹೊಲದ ಬದುವಿನ ಮೇಲೆ ನಿಂತು, ಸಾಲ ಮಾಡಿದವನ ಮುಖ ನೋಡಿಕೊಂಡೇ ಅನ್ನಬೇಕು. ಚಾನೆಲ್‌ನವರಿಗೆ ಆ ಕಷ್ಟವಿಲ್ಲ.

ನಮಗೆ ಬೇಕಾದ ಭವಿಷ್ಯ ಯಾರ ಬಳಿಯೂ ಇರಲಿಲ್ಲ ಅನ್ನುವುದೇ ಬೇಸರ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚುತ್ತದೆ ಅಂತ ಯಾವ ಪದ್ಯವೂ ಹೇಳಲಿಲ್ಲ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನೇ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸುತ್ತಾರೆ ಅಂತ ಯಾವ ಯೋಗಿಗೂ ಹೊಳೆಯಲಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಸಸಿ ನೆಡುವಾಗಲೇ ಯಾರಾದರೂ ಕಿವಿಯಲ್ಲಿ ಹೇಳಿದ್ದರೆ ನೋಸ್ಟ್ರಡಾಮಸ್‌ಗೆ ನಾವೇ ಒಂದು ಗುಡಿ ಕಟ್ಟಿಸುತ್ತಿದ್ದೆವು.

ಇನ್ನು ಎತ್ತಿನಹೊಳೆ. ಸಕಲೇಶಪುರದ ಕಡೆಯ ಹಳ್ಳಗಳಿಂದ 24 ಟಿಎಂಸಿ ನೀರು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿಗೆಲ್ಲ ಬರುತ್ತದೆ ಎಂಬುದು ನಮ್ಮ ಕಾಲದ ದೊಡ್ಡ ಕಾಲಜ್ಞಾನ. 2014ರಲ್ಲಿ ಶಂಕುಸ್ಥಾಪನೆಯಾಯಿತು. 8,323 ಕೋಟಿ ಅಂತ ಶುರುವಾದ ಲೆಕ್ಕ 23,251 ಕೋಟಿಗೆ ಹೋಯಿತು. 2024ರಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು, ಸಕಲೇಶಪುರದಲ್ಲಿ. ಇದರ ಬಗ್ಗೆ ಮಾತ್ರ ಬಾಬಾ ವಂಗಾ ಪಟ್ಟಿಯಲ್ಲೂ ಒಂದು ಸಾಲಿಲ್ಲ. ನೋಸ್ಟ್ರಡಾಮಸ್‌ನ 942 ಪದ್ಯಗಳಲ್ಲಿ ‘ಪಶ್ಚಿಮದ ನೀರು ಬೆಟ್ಟ ಹತ್ತಿ ಪೂರ್ವಕ್ಕೆ ಬರುವುದು’ ಅನ್ನುವ ಹಾಗೆ ಏನಾದರೂ ಇದ್ದರೆ ಯಾರಾದರೂ ಹುಡುಕಿ ಕಳಿಸಿ. ಸಿಗದಿದ್ದರೂ ಚಿಂತೆಯಿಲ್ಲ. ಪದ್ಯ ನಮ್ಮ ಬೀದಿಯ ಚಾನೆಲ್ ಹುಡುಗ ಬರೆದುಕೊಡುತ್ತಾನೆ. ಕಾಗದಕ್ಕೆ ಹಳೇ ಬಣ್ಣ ಬರಲು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಸಾಕಂತೆ.